ಡಿಮೆನ್ಷಿಯಾ ಇರುವವರಿಗೆ ಆರೈಕೆ ಮನೆ ಆರಿಸುವುದು: ಮೊದಲ ಯೋಚನೆಯಿಂದ ಮೂರನೆಯ ತಿಂಗಳವರೆಗೆ

ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಬಂದಿದ್ದ ನಮ್ಮ ದೊಡ್ಡಮ್ಮನಿಗಾಗಿ ನಾವು ನೋಡಿದ ಮೊದಲ ಆರೈಕೆ ಮನೆಯ ಹಜಾರದಲ್ಲಿ ಮೀನಿನ ತೊಟ್ಟಿ ಇತ್ತು, ಕನ್ನಡಿಯಂತೆ ಹೊಳೆಯುವ ನೆಲ ಇತ್ತು, ಗೋಡೆ ತುಂಬ ನಗುವ ಅಜ್ಜ ಅಜ್ಜಿಯರ ಫೋಟೊಗಳಿದ್ದವು. ಮ್ಯಾನೇಜರ್ ಮಾತು ಜೇನಿನಂತೆ. ಅಲ್ಲೇ ಮನಸೋತೆವು. ಹೊರಡುವ ಮುನ್ನ ಶೌಚಾಲಯ ಹುಡುಕುತ್ತಾ ನಾನು ತಪ್ಪು ಬಾಗಿಲು ತೆರೆದೆ. ಒಳಗೆ ಆರೇಳು ಮಂದಿ ಗಾಲಿಕುರ್ಚಿಗಳಲ್ಲಿ ಟಿ.ವಿ.ಗೆ ಮುಖ ಮಾಡಿ ಕೂತಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು, ಒಬ್ಬರು "ಅಮ್ಮಾ, ಅಮ್ಮಾ" ಎಂದು ಕೂಗುತ್ತಲೇ ಇದ್ದರು. ನೋಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ನಮಗೆ ತೋರಿಸಿದ್ದು ಇನ್ನೂ ಓಡಾಡುವ, ಮಾತಾಡುವ ದೊಡ್ಡಮ್ಮ ಇರಬಹುದಾದ ಜಾಗ. ಆ ಬಾಗಿಲ ಹಿಂದೆ ಇದ್ದದ್ದು ಒಂದೆರಡು ವರ್ಷ ಕಳೆದ ಮೇಲೆ ಅವರು ಕೂರಲಿದ್ದ ಜಾಗ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಗ್ಗಿಹೋಗಿರುವ ವ್ಯಕ್ತಿಯನ್ನು ಹುಡುಕಿ, ಅವರನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ಅಳೆಯಿರಿ. ಡಿಮೆನ್ಷಿಯಾ ಇಳಿಜಾರಿನ ಕಾಯಿಲೆ. ಇಂದಿನ ಸ್ಥಿತಿಗೆ ಮಾತ್ರ ಹೊಂದುವ ಮನೆ ಹಿಡಿದರೆ, ಸ್ಥಳ ಬದಲಾವಣೆ ಅತ್ಯಂತ ಕಷ್ಟವಾಗುವ ಕಾಲದಲ್ಲೇ ಮತ್ತೆ ಬದಲಿಸಬೇಕಾಗುತ್ತದೆ.

ಹಂತ 1: ನಿಜಕ್ಕೂ ಸಮಯ ಬಂದಿದೆಯೇ?

"ಮನೆಯಲ್ಲೇ ನೋಡಿಕೊಳ್ಳಲಾಗದೆ ಹೋಯಿತಲ್ಲ" ಎಂಬ ಕೊರಗು ಎಲ್ಲರಿಗೂ ಇರುತ್ತದೆ. ಅದು ತೀರಲಿ ಎಂದು ಕಾದರೆ ತೀರ್ಮಾನ ಎಂದೂ ಆಗುವುದಿಲ್ಲ. ರಾತ್ರಿಗಳನ್ನು ಲೆಕ್ಕ ಹಾಕಿ. ಹಗಲಿನ ಕೆಲಸವನ್ನು ಕುಟುಂಬಗಳು ಹೇಗೋ ಹಂಚಿಕೊಂಡು ತೂಗಿಸುತ್ತವೆ. ರಾತ್ರಿ ನಾಲ್ಕು ಸಲ ಏಳುವವರ ಜೊತೆ ತಾನೂ ಏಳಬೇಕಾದವರು ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿಯುತ್ತಾರೆ. ಮನೆ ಬಿಟ್ಟು ಹೊರಟುಹೋಗುವುದು, ಪದೇ ಪದೇ ಬೀಳುವುದು, ಒಲೆ ಹಚ್ಚಿ ಮರೆಯುವುದು, ಸ್ನಾನ ಮಾಡಿಸಲು ಹೋದವರ ಮೇಲೆ ಕೈ ಮಾಡುವುದು ಇವೆಲ್ಲ ಸೇರಿಕೊಂಡರೆ ಹುಡುಕಾಟ ಶುರುಮಾಡುವ ಹೊತ್ತಾಯಿತು.

ಅದಕ್ಕೂ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಇಳಿತ ತಿಂಗಳುಗಟ್ಟಲೆಯಲ್ಲಿ ಆಗದೆ ಎರಡು ಮೂರು ದಿನಗಳಲ್ಲಿ ಆಗಿದೆಯೇ? ಹಾಗಿದ್ದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಮನಸ್ಸಿನ ಗೊಂದಲ, ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ದೇಹದಲ್ಲಿ ನೀರು ಕಡಿಮೆಯಾಗುವುದು, ಹೊಸದಾಗಿ ಶುರುವಾದ ಮಾತ್ರೆ, ಹೇಳಿಕೊಳ್ಳಲಾಗದ ನೋವು ಇವುಗಳಲ್ಲಿ ಯಾವುದಾದರೂ ಅದನ್ನು ತರಬಲ್ಲದು. ಕಾರಣ ಹಿಡಿದು ಚಿಕಿತ್ಸೆ ಕೊಟ್ಟರೆ ಬಹಳ ಜನ ಮೊದಲಿನ ಸ್ಥಿತಿಯ ಹತ್ತಿರಕ್ಕೆ ಮರಳುತ್ತಾರೆ, ಅದಕ್ಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಆಸ್ಪತ್ರೆಯಿಂದ ಬಿಡುಗಡೆಯ ದಿನ, ಯಾರೋ ಕೊಟ್ಟ ಪಟ್ಟಿಯಲ್ಲಿ ಮೊದಲು ಸಿಕ್ಕ ಹಾಸಿಗೆಗೆ ಕಾಯಂ ಒಪ್ಪಂದ ಮಾಡಿಕೊಳ್ಳುವುದು ಈ ದಾರಿಯ ದೊಡ್ಡ ಗುಂಡಿ. ಅನಿವಾರ್ಯವಾದರೆ ಕೆಲವು ವಾರಗಳ ತಾತ್ಕಾಲಿಕ ವಾಸಕ್ಕೆ ಮಾತ್ರ ಒಪ್ಪಿಕೊಳ್ಳಿ.

ಹಂತ 2: ಯಾವ ಡಿಮೆನ್ಷಿಯಾ ಎಂದು ತಿಳಿದುಕೊಂಡು ಹೊರಡಿ

ಡಿಮೆನ್ಷಿಯಾ ಎಂಬುದು ಹಲವು ಕಾಯಿಲೆಗಳಿಗೆ ಇರುವ ಒಂದೇ ಹೆಸರು. 60ರಿಂದ 70 ಶೇಕಡಾ ಪ್ರಕರಣಗಳಲ್ಲಿ ಆಲ್ಝೈಮರ್ಸ್ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ, ಇಳಿತ ನಿಧಾನ. ಮಿದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು ಮೆಟ್ಟಿಲು ಮೆಟ್ಟಿಲಾಗಿ ಕುಸಿಯಬಹುದು. ಆರೈಕೆ ಮನೆ ಹುಡುಕುವವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಇನ್ನೆರಡರ ಬಗ್ಗೆ.

ಒಂದು ಲೂಯಿ ಬಾಡಿ ಡಿಮೆನ್ಷಿಯಾ. ಇವರಿಗೆ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣುತ್ತವೆ, ನಡಿಗೆ ಬಿಗಿಯುತ್ತದೆ, ಬೆಳಗ್ಗೆ ಚುರುಕಾಗಿದ್ದವರು ಮಧ್ಯಾಹ್ನ ಮಂಕಾಗುತ್ತಾರೆ. "ಗಲಾಟೆ ಮಾಡುತ್ತಾರೆ" ಎಂದು ಹ್ಯಾಲೊಪೆರಿಡಾಲ್‌ನಂಥ ಮನೋವಿಕಾರದ (ಆ್ಯಂಟಿಸೈಕೋಟಿಕ್) ಔಷಧಿ ಕೊಟ್ಟರೆ ಇವರಿಗೆ ಜೀವಕ್ಕೇ ಅಪಾಯವಾಗುವಷ್ಟು ತೀವ್ರ ಪರಿಣಾಮ ಆಗಬಹುದು. ಇದು ಆ ಮನೆಯ ನರ್ಸ್‌ಗೆ ಗೊತ್ತಿದೆಯೇ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆ ಮನೆ ನೋಡಿ.

ಇನ್ನೊಂದು ಫ್ರಂಟೋಟೆಂಪೊರಲ್ ಬಗೆಯದು. ಇದು ಹೆಚ್ಚಾಗಿ 45ರಿಂದ 65ರ ನಡುವೆಯೇ ಶುರುವಾಗುತ್ತದೆ. ನೆನಪಿಗಿಂತ ಮೊದಲು ನಡವಳಿಕೆಯೋ ಮಾತೋ ಕೆಡುತ್ತದೆ. ಮೈಯಲ್ಲಿ ಕಸುವಿರುವ, ದಿನವಿಡೀ ನಡೆಯಬೇಕೆನಿಸುವ ವ್ಯಕ್ತಿಯನ್ನು 85 ದಾಟಿದವರ ನಡುವೆ ಕೂರಿಸಿದರೆ ಇಬ್ಬರಿಗೂ ಕಷ್ಟ.

ಈಗ ಒಂದು ಹಾಳೆ ತೆಗೆದುಕೊಂಡು ಇವನ್ನು ಬರೆಯಿರಿ: ನಡೆಯುವುದು ಹೇಗೆ, ಊಟ ತಾವೇ ಮಾಡುತ್ತಾರೆಯೇ, ನುಂಗುವಾಗ ಕೆಮ್ಮುತ್ತಾರೆಯೇ, ಶೌಚಕ್ಕೆ ಎಷ್ಟು ನೆರವು ಬೇಕು, ರಾತ್ರಿ ಹೇಗೆ, ಯಾವುದರಿಂದ ಕೆರಳುತ್ತಾರೆ, ಯಾವುದರಿಂದ ಸಮಾಧಾನವಾಗುತ್ತಾರೆ. ಕೊನೆಯ ಎರಡಕ್ಕೆ ಹೆಚ್ಚು ಜಾಗ ಕೊಡಿ. ಔಷಧಿಯ ಚೀಟಿ ಎಲ್ಲರ ಬಳಿಯೂ ಇರುತ್ತದೆ. ಬೆನ್ನ ಹಿಂದಿನಿಂದ ಯಾರಾದರೂ ಮುಟ್ಟಿದರೆ ದೊಡ್ಡಮ್ಮ ಹೊಡೆಯುತ್ತಾರೆ, ಎದುರಿಗೆ ಬಂದು ಕೈ ಚಾಚಿದರೆ ಹಿಡಿದುಕೊಳ್ಳುತ್ತಾರೆ ಎಂಬುದು ನಮ್ಮ ಬಳಿ ಮಾತ್ರ ಇತ್ತು.

ಹಂತ 3: ಹಣ, ಸಹಿ, ಅಧಿಕಾರ

ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಕಾನೂನು ದೇಶಕ್ಕೊಂದು ತರಹ. ಕಾಯಿಲೆಯವರಿಗೆ ಅರ್ಥ ಮಾಡಿಕೊಂಡು ಒಪ್ಪಿಗೆ ಕೊಡುವ ಶಕ್ತಿ ಇರುವಾಗಲೇ, ಮುಂದೆ ಅವರ ಪರವಾಗಿ ಹಣ ಮತ್ತು ಚಿಕಿತ್ಸೆಯ ತೀರ್ಮಾನ ಮಾಡುವವರು ಯಾರೆಂದು ವಕೀಲರ ಮೂಲಕ ಕಾಗದದಲ್ಲಿ ಮಾಡಿಸಿ. ತಡಮಾಡಿದರೆ ನ್ಯಾಯಾಲಯ ಹತ್ತಬೇಕಾಗಬಹುದು. ಖರ್ಚನ್ನು ಒಂದು ವರ್ಷಕ್ಕಲ್ಲ, ಹಲವು ವರ್ಷಗಳಿಗೆ ಲೆಕ್ಕ ಹಾಕಿ. ಆರೈಕೆ ಹೆಚ್ಚಿದಂತೆ ಶುಲ್ಕವೂ ಏರುತ್ತದೆ. ಒಡಹುಟ್ಟಿದವರೆಲ್ಲ ಒಟ್ಟಿಗೆ ಕೂತು ಯಾರು ಎಷ್ಟು ಎಂದು ಮಾತಾಡಿಕೊಳ್ಳುವುದು ಈಗಲೇ ಆಗಲಿ, ನಂತರದ ಜಗಳ ಬಹಳ ಕಹಿ.

ಹಂತ 4: ಫೋನಿನಲ್ಲೇ ಜರಡಿ ಹಿಡಿಯಿರಿ

ಹತ್ತು ಕಡೆ ಹೋಗಿ ಸುಸ್ತಾಗುವ ಬದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿದರೆ ಪಟ್ಟಿ ಮೂರು ನಾಲ್ಕಕ್ಕೆ ಇಳಿಯುತ್ತದೆ. ಎಂಥ ಸ್ಥಿತಿಯವರನ್ನು ನೀವು ಸೇರಿಸಿಕೊಳ್ಳುವುದಿಲ್ಲ? ಇದ್ದವರನ್ನು ಯಾವ ಸ್ಥಿತಿ ಬಂದಾಗ ವಾಪಸು ಕರೆದುಕೊಂಡು ಹೋಗಿ ಎನ್ನುತ್ತೀರಿ? ಕಳೆದ ಒಂದು ವರ್ಷದಲ್ಲಿ ಹಾಗೆ ಎಷ್ಟು ಜನರನ್ನು ಕಳಿಸಿದ್ದೀರಿ?

ಎರಡನೆಯದೇ ಮುಖ್ಯ. "ಹಾಸಿಗೆ ಹಿಡಿದರೆ ಆಗುವುದಿಲ್ಲ", "ಕೈ ಮಾಡಿದರೆ ಆಗುವುದಿಲ್ಲ" ಎನ್ನುವ ಮನೆಗಳು ಇವೆ. ಅವರು ಅದನ್ನು ಮೊದಲೇ ಹೇಳಿದರೆ ಪ್ರಾಮಾಣಿಕರು, ಅವರಿಗೆ ನಮಸ್ಕಾರ ಹೇಳಿ ಮುಂದಿನ ನಂಬರ್ ಒತ್ತಿ. "ಎಲ್ಲರನ್ನೂ ನೋಡಿಕೊಳ್ಳುತ್ತೇವೆ, ಏನೂ ಯೋಚನೆ ಬೇಡ" ಎಂಬ ಉತ್ತರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ.

ಹಂತ 5: ಎರಡು ಸಲ ಹೋಗಿ, ಎರಡನೆಯ ಸಲ ಸಂಜೆ

ಮೊದಲ ಸಲ ಹೇಳಿಯೇ ಹೋಗಿ, ಕಾಗದಪತ್ರ ನೋಡಿ, ಮ್ಯಾನೇಜರ್ ಜೊತೆ ಮಾತಾಡಿ. ಎರಡನೆಯ ಸಲ ಹೇಳದೆ, ಸಂಜೆ ನಾಲ್ಕೂವರೆಯಿಂದ ಏಳರ ನಡುವೆ ಹೋಗಿ. ಹೊತ್ತು ಇಳಿಯುತ್ತಿದ್ದಂತೆ ಡಿಮೆನ್ಷಿಯಾ ಇರುವ ಹಲವರಿಗೆ ತಳಮಳ ಏರುತ್ತದೆ. ದಣಿವು, ಮಂದ ಬೆಳಕು, ನೆರಳುಗಳು, ದೇಹದ ಗಡಿಯಾರ ತಪ್ಪುವುದು ಎಲ್ಲ ಸೇರಿ ಹಾಗಾಗುತ್ತದೆ. ಎಷ್ಟೋ ಕಡೆ ಪಾಳಿ ಬದಲಾಗುವುದೂ ಅದೇ ಆಸುಪಾಸಿನಲ್ಲಿ. ಆ ಗಳಿಗೆಯಲ್ಲಿ ತಾಳ್ಮೆ ಉಳಿಸಿಕೊಂಡಿರುವ ಮನೆ ಬೇರೆ ಹೊತ್ತಿನಲ್ಲೂ ಉಳಿಸಿಕೊಳ್ಳುತ್ತದೆ. ಸಂಜೆ ಒಳಗೆ ಬಿಡಲು ಒಪ್ಪದಿದ್ದರೆ ಕಾರಣ ಕೇಳಿ. ಊಟದ ಹೊತ್ತು, ಸ್ನಾನದ ಹೊತ್ತು ಎಂಬ ಮರ್ಯಾದೆಯ ಕಾರಣಗಳಿರಬಹುದು. ಆದರೆ ಯಾವ ಹೊತ್ತೂ ಆಗದು ಎಂದರೆ ಅರ್ಥ ಬೇರೆ.

ಒಳಗೆ ಹೋದ ಮೇಲೆ ಒಂದು ಕುರ್ಚಿ ಹಿಡಿದು ಅರ್ಧ ಗಂಟೆ ಸುಮ್ಮನೆ ಕೂತುಬಿಡಿ. ಮೂಗು ಮೊದಲು ಹೇಳುತ್ತದೆ. ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಇದ್ದರೆ ಈಗಷ್ಟೇ ಏನೋ ಆಗಿದೆ ಎಂದರ್ಥ, ಅದು ಸಹಜ. ಇಡೀ ಕಾರಿಡಾರಿನಲ್ಲಿ ಇದ್ದರೆ ಅದು ಆ ಮನೆಯ ರೂಢಿ. ಫಿನಾಯಿಲ್ ಘಾಟು ಕಣ್ಣಲ್ಲಿ ನೀರು ತರಿಸುವಷ್ಟಿದ್ದರೂ ಅನುಮಾನಿಸಿ.

ಆಮೇಲೆ ಕೈಗಳನ್ನು ನೋಡಿ. ಗಾಲಿಕುರ್ಚಿ ತಳ್ಳುವ ಮುನ್ನ "ಈಗ ಹೋಗೋಣವೇ" ಎಂದು ಹೇಳುತ್ತಾರೆಯೇ, ಸಾಮಾನು ಸಾಗಿಸುವಂತೆ ಎಳೆಯುತ್ತಾರೆಯೇ? ಮಾತಾಡುವಾಗ ಕಣ್ಣಿನ ಮಟ್ಟಕ್ಕೆ ಬಾಗುತ್ತಾರೆಯೇ? ಬ್ರಿಟನ್ನಿನ ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ಆರೈಕೆ ಮನೆಗಳಲ್ಲಿ ಗಂಟೆಗಟ್ಟಲೆ ಕೂತು ನೋಡಿ, ಕೆಟ್ಟ ಉದ್ದೇಶವಿಲ್ಲದವರೂ ಮನುಷ್ಯನನ್ನು ಹೇಗೆ ಕುಗ್ಗಿಸುತ್ತಾರೆ ಎಂದು ಪಟ್ಟಿ ಮಾಡಿದ: ಮಗುವಿನಂತೆ ಮಾತಾಡಿಸುವುದು, ಎದುರಿಗಿದ್ದವರನ್ನು ಇಲ್ಲವೆಂಬಂತೆ ಬಿಟ್ಟು ಅವರ ತಲೆಯ ಮೇಲಿಂದ ಹರಟುವುದು, ಅವರಿಗೆ ಅರ್ಥವಾಗುವ ವೇಗಕ್ಕಿಂತ ಬೇಗ ಬೇಗ ಕೆಲಸ ಮುಗಿಸುವುದು, ಸುಳ್ಳು ಹೇಳಿ ಸಾಗಹಾಕುವುದು. ಅರ್ಧ ಗಂಟೆಯಲ್ಲಿ ಇವು ಎಷ್ಟು ಸಲ ಕಂಡವು ಎಂದು ಮನಸ್ಸಿನಲ್ಲೇ ಎಣಿಸಿ. ಸೊನ್ನೆ ಎಲ್ಲೂ ಸಿಗುವುದಿಲ್ಲ. ನಾವೂ ಮನೆಯಲ್ಲಿ ಹೀಗೇ ಮಾಡಿರುತ್ತೇವೆ. ಆದರೆ ಒಂದು ಎರಡಕ್ಕೂ ಹತ್ತಕ್ಕೂ ವ್ಯತ್ಯಾಸವಿದೆ.

ಊಟದ ಹೊತ್ತು ಸಿಕ್ಕರೆ ಬಿಡಬೇಡಿ. ತಿನ್ನಿಸುವವರು ಪಕ್ಕದಲ್ಲಿ ಕೂತಿದ್ದಾರೋ, ನಿಂತೇ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಚಮಚ ಆಡಿಸುತ್ತಿದ್ದಾರೋ? ಚಮಚ ಹಿಡಿಯಲಾಗದವರಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಇದೆಯೇ? ತಟ್ಟೆಯ ಬಣ್ಣವೂ ವಿಷಯವೇ. ಬಿಳಿ ತಟ್ಟೆಯಲ್ಲಿ ಬಿಳಿ ಆಹಾರ ಇವರಿಗೆ ಕಾಣದೆ ಹೋಗಬಹುದು. ಬೋಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಮುಂದುವರಿದ ಆಲ್ಝೈಮರ್ಸ್ ಇದ್ದವರಿಗೆ ಗಾಢ ಕೆಂಪು ತಟ್ಟೆ ಲೋಟ ಕೊಟ್ಟಾಗ ಅವರು ತಿಂದದ್ದೂ ಕುಡಿದದ್ದೂ ಹೆಚ್ಚಾಯಿತು. ಕೆಂಪು ತಟ್ಟೆ ಇಟ್ಟ ಮಾತ್ರಕ್ಕೆ ಒಳ್ಳೆಯ ಮನೆಯಾಗುವುದಿಲ್ಲ. ಇಂಥದ್ದರ ಬಗ್ಗೆ ಯಾರಾದರೂ ಯೋಚಿಸಿದ್ದಾರೆ ಎಂಬುದಕ್ಕೆ ಅದು ಗುರುತು, ಅಷ್ಟೇ.

ಕಟ್ಟಡ ನೋಡುವಾಗಲೂ ಅವರ ಕಣ್ಣಿನಿಂದ ನೋಡಿ. ಕಪ್ಪು ಕಾಲೊರಸು ಅವರಿಗೆ ಗುಂಡಿಯಂತೆ ಕಂಡು ಬಾಗಿಲಲ್ಲೇ ನಿಂತುಬಿಡಬಹುದು. ಹೊಳೆಯುವ ನೆಲ ಒದ್ದೆಯಾಗಿದೆ ಎನಿಸುತ್ತದೆ (ಆ ಮೊದಲ ಮನೆಯ ಕನ್ನಡಿಯಂಥ ನೆಲ ನೆನಪಾಯಿತೇ?). ಕನ್ನಡಿಯಲ್ಲಿ ಕಾಣುವ ಮುಖ ಅಪರಿಚಿತರದ್ದಾಗುತ್ತದೆ. ಶೌಚಾಲಯದ ಬಾಗಿಲು ಬೇರೆ ಬಣ್ಣದಲ್ಲಿ, ಚಿತ್ರದೊಂದಿಗೆ, ಹಾಸಿಗೆಯಿಂದಲೇ ಕಾಣುವಂತಿದ್ದರೆ ಎಷ್ಟೋ ಡೈಪರ್ ಉಳಿಯುತ್ತದೆ. ನಡೆಯುವ ದಾರಿ ಬೀಗ ಹಾಕಿದ ಬಾಗಿಲಿಗೆ ಹೋಗಿ ಮುಗಿಯುತ್ತದೋ, ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೋ? ಬೀಗದ ಬಾಗಿಲ ಮುಂದೆ ನಿಂತು ಹಿಡಿಕೆ ಎಳೆಯುತ್ತಲೇ ಇರುವ ಸಂಜೆಗಳನ್ನು ನೆನೆದುಕೊಂಡರೆ ಇದು ಚಿಲ್ಲರೆ ಮಾತಲ್ಲ.

ನೆದರ್‌ಲ್ಯಾಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ರೂಪುಗೊಂಡ ಹೋಗೆವೇಕ್ ಎಂಬ ಡಿಮೆನ್ಷಿಯಾ ಇರುವವರ ನೆಲೆ ಈ ವಿಚಾರದಲ್ಲಿ ಲೋಕಪ್ರಸಿದ್ಧ. ಆರೇಳು ಜನರ ಪುಟ್ಟ ಮನೆಗಳು, ಬೀದಿ, ಅಂಗಡಿ, ಚೌಕ ಎಲ್ಲ ಒಂದೇ ಆವರಣದೊಳಗೆ. ನಿವಾಸಿಗಳು ತಮ್ಮಿಚ್ಛೆಯಂತೆ ಓಡಾಡಬಹುದು. ಅದರಂತೆಯೇ ಆಗುತ್ತೇವೆ ಎಂದು ಹೆಸರು ಹೇಳಿಕೊಳ್ಳುವ ಕಡೆ, ಬಣ್ಣದ ಅಂಗಡಿ ಮುಂಗಟ್ಟು ನೋಡಿ ಮರುಳಾಗಬೇಡಿ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ ಒಬ್ಬ ನಿವಾಸಿ ಹೊರಗಿನ ಗಾಳಿಗೆ ಹೋಗಬಲ್ಲರೇ ಎಂದು ಕೇಳಿ.

ಕೊನೆಯದಾಗಿ, ಹಾಸಿಗೆ ಹಿಡಿದವರ ಕೋಣೆ. ಅವರ ಖಾಸಗಿತನಕ್ಕೆ ಧಕ್ಕೆಯಾಗದಂತೆ, ಕೇಳಿಕೊಂಡೇ, ಬಾಗಿಲ ಬಳಿಯಿಂದ ನೋಡಿ. ಬಾಯಿ ಒಣಗಿ ಬಿರಿದಿದೆಯೇ? ಉಗುರು ಕತ್ತರಿಸಿದೆಯೇ? ಮುಖ ಕಿಟಕಿಯ ಕಡೆ ಇದೆಯೇ, ಗೋಡೆಯ ಕಡೆಯೇ? ನಾನು ಮೀನಿನ ತೊಟ್ಟಿ ನೋಡುತ್ತಾ ನಿಂತಾಗ ನೋಡಬೇಕಿದ್ದದ್ದು ಇದನ್ನು.

ಹಂತ 6: ಕೂತು ಕೇಳಬೇಕಾದ ಪ್ರಶ್ನೆಗಳು

"ಎಷ್ಟು ಜನರಿಗೆ ಒಬ್ಬ ಸಿಬ್ಬಂದಿ?" ಎಂದು ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಒಂದು ಒಳ್ಳೆಯ ಅಂಕಿ ಸಿಗುತ್ತದೆ. ಆ ಅಂಕಿಯಲ್ಲಿ ಅಡುಗೆಯವರೂ ಕಚೇರಿಯವರೂ ಸೇರಿರಬಹುದು. ಹೀಗೆ ಕೇಳಿ: ನಿನ್ನೆ ರಾತ್ರಿ ಎಚ್ಚರವಿದ್ದು ಕೆಲಸ ಮಾಡಿದವರು ಎಷ್ಟು ಜನ? ಅವರಲ್ಲಿ ನರ್ಸ್ ಇದ್ದರೇ? ಅದೇ ಆರೈಕೆದಾರರು ಅದೇ ನಿವಾಸಿಗಳನ್ನು ನೋಡಿಕೊಳ್ಳುತ್ತಾರೋ, ದಿನಕ್ಕೊಂದು ಮುಖವೋ? ಇಲ್ಲಿ ಅತಿ ಹೆಚ್ಚು ಕಾಲದಿಂದ ಇರುವ ಆರೈಕೆದಾರರು ಯಾರು, ಅವರೊಡನೆ ಎರಡು ಮಾತಾಡಬಹುದೇ? ಹೆಸರು ಮರೆತರೂ ಮುಖದ ಪರಿಚಯ, ದನಿಯ ಪರಿಚಯ ಬಹುಕಾಲ ಉಳಿಯುತ್ತದೆ. ಸಿಬ್ಬಂದಿ ನಿಲ್ಲದ ಮನೆಯಲ್ಲಿ ಅದು ಬೆಳೆಯುವುದೇ ಇಲ್ಲ.

ಔಷಧಿಯ ವಿಷಯಕ್ಕೆ ಬನ್ನಿ. ಡಿಮೆನ್ಷಿಯಾ ಇರುವ ವೃದ್ಧರಿಗೆ ಮನೋವಿಕಾರದ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಪೀಳಿಗೆಯ ಔಷಧಿಗಳ ಮೇಲೆ, 2008ರಲ್ಲಿ ಹಳೆಯವುಗಳ ಮೇಲೂ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಕೆಲವೊಮ್ಮೆ, ಅವರಿಗೋ ಇನ್ನೊಬ್ಬರಿಗೋ ಅಪಾಯವಾಗುವಂತಿದ್ದಾಗ, ಅಲ್ಪ ಕಾಲ ಬೇಕಾಗಬಹುದು. ಆದ್ದರಿಂದ "ಕೊಡುತ್ತೀರಾ?" ಎಂದಲ್ಲ, "ಇಲ್ಲಿ ಎಷ್ಟು ಜನ ತೆಗೆದುಕೊಳ್ಳುತ್ತಿದ್ದಾರೆ, ಶುರುಮಾಡುವ ಮುನ್ನ ಮನೆಯವರನ್ನು ಕೇಳುತ್ತೀರಾ, ನಿಲ್ಲಿಸಬಹುದೇ ಎಂದು ಯಾವಾಗ ನೋಡುತ್ತೀರಿ?" ಎಂದು ಕೇಳಿ. ಜೊತೆಗೇ: "ಒಬ್ಬರು ಸ್ನಾನ ಬೇಡವೆಂದು ಕೂಗಾಡಿದರೆ ಮೊದಲು ಏನು ಮಾಡುತ್ತೀರಿ?" ಒಳ್ಳೆಯ ಉತ್ತರದಲ್ಲಿ ಮಾತ್ರೆ ಬರುವುದಿಲ್ಲ. ನೀರು ತಣ್ಣಗಿತ್ತೇ, ನೋವಿದೆಯೇ, ನಾಚಿಕೆಯೇ, ಇನ್ನೊಂದು ಗಂಟೆ ಬಿಟ್ಟು ಬೇರೆಯವರು ಹೋದರೆ ಹೇಗೆ ಎಂಬ ಮಾತು ಬರುತ್ತದೆ.

ನೋವನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳುವವರು ಕಡಿಮೆ, ಕೇಳಲೇಬೇಕಾದದ್ದು. ಮಾತು ಹೋದವರ ನೋವು ಅಳೆಯಲು ಉಸಿರಾಟ, ನರಳುವಿಕೆ, ಮುಖದ ಭಾವ, ಮೈಯ ಬಿಗಿತ, ಸಮಾಧಾನಕ್ಕೆ ಒಲಿಯುತ್ತಾರೆಯೇ ಎಂಬ ಐದನ್ನು ನೋಡಿ ಅಂಕ ಹಾಕುವ ಪೇನ್ಆ್ಯಡ್ ಎಂಬ ಅಳತೆ 2003ರಿಂದಲೂ ಬಳಕೆಯಲ್ಲಿದೆ. ಅದೇ ಆಗಬೇಕೆಂದಿಲ್ಲ, ಯಾವುದೋ ಒಂದು ಕ್ರಮ ಇರಬೇಕು.

ಕಟ್ಟಿಹಾಕುವುದರ ಬಗ್ಗೆ ಸುತ್ತುಬಳಸದೆ ಕೇಳಿ. ಸೊಂಟಕ್ಕೆ ಪಟ್ಟಿ, ಕುರ್ಚಿಗೆ ಅಡ್ಡಲಾಗಿ ಮೇಜು, ಎದ್ದೇಳಲಾಗದ ಆಳದ ಕುರ್ಚಿ ಎಲ್ಲವೂ ಕಟ್ಟುವುದೇ. ಹಾಸಿಗೆಯ ಕಂಬಿಯನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುವುದುಂಟು. ತಗ್ಗಿನ ಹಾಸಿಗೆ, ಪಕ್ಕದಲ್ಲಿ ಮೆತ್ತೆ ಹಾಸುವುದು ಇದಕ್ಕಿಂತ ಮೇಲು. ತೂಕ ತಿಂಗಳಿಗೊಮ್ಮೆ ನೋಡಿ ಬರೆದಿಡುತ್ತಾರೆಯೇ? ಒಂದು ತಿಂಗಳಲ್ಲಿ 5 ಶೇಕಡಾ, ಆರು ತಿಂಗಳಲ್ಲಿ 10 ಶೇಕಡಾ ಇಳಿದರೆ ವೈದ್ಯರು ನೋಡಲೇಬೇಕು.

ಕೊನೆಗಾಲದ ಮಾತು ಯಾರೂ ಎತ್ತುವುದಿಲ್ಲ, ನೀವೇ ಎತ್ತಿ. ಕೊನೆಯವರೆಗೂ ಇಲ್ಲೇ ಇರಬಹುದೇ, ಜ್ವರ ಬಂದಾಗಲೆಲ್ಲ ಆಸ್ಪತ್ರೆಗೆ ಸಾಗಿಸುತ್ತಾರೋ? ನುಂಗಲಾಗದೆ ಹೋದಾಗ ಏನು? ಕಾಯಿಲೆ ಬಹಳ ಮುಂದುವರಿದವರಿಗೆ ಹೊಟ್ಟೆಗೆ ಕೊಳವೆ ಹಾಕಿ ಉಣಿಸುವುದು ಆಯಸ್ಸನ್ನೂ ಹೆಚ್ಚಿಸುವುದಿಲ್ಲ, ನ್ಯುಮೋನಿಯಾವನ್ನೂ ತಡೆಯುವುದಿಲ್ಲ ಎಂದು ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿಯಂಥ ವೃದ್ಧರ ಚಿಕಿತ್ಸೆಯ ತಜ್ಞರ ಸಂಘಗಳು ಹೇಳುತ್ತವೆ. ಅವರು ಸೂಚಿಸುವುದು, ಇಷ್ಟವಾದಷ್ಟನ್ನು ನಿಧಾನವಾಗಿ ಕೈಯಿಂದ ತಿನ್ನಿಸುವುದನ್ನು. ಅದಕ್ಕೆ ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯಬಹುದು. ಆ ಮುಕ್ಕಾಲು ಗಂಟೆ ಕೊಡಲು ಈ ಮನೆಯಲ್ಲಿ ಜನ ಇದ್ದಾರೆಯೇ?

ಹಂತ 7: ಒಪ್ಪಂದ

ಮನೆಗೆ ತಂದು ಓದಿ, ಅಲ್ಲೇ ಸಹಿ ಹಾಕಬೇಡಿ. ತಿಂಗಳ ಶುಲ್ಕದಲ್ಲಿ ಏನೇನು ಸೇರಿಲ್ಲ (ಡೈಪರ್, ಔಷಧಿ, ವೈದ್ಯರ ಭೇಟಿ, ಫಿಸಿಯೊಥೆರಪಿ), ಶುಲ್ಕ ಯಾವಾಗ ಎಷ್ಟು ಏರುತ್ತದೆ, ಆಸ್ಪತ್ರೆಯಲ್ಲಿದ್ದಾಗ ಕೋಣೆಗೆ ಹಣ ಕಟ್ಟಬೇಕೇ, ಬಿಡಿಸಿಕೊಂಡು ಹೋಗಲು ಎಷ್ಟು ದಿನ ಮೊದಲು ಹೇಳಬೇಕು, ತೀರಿಕೊಂಡರೆ ಮುಂಗಡ ಹಣ ಯಾವಾಗ ವಾಪಸು. ಫೋನಿನಲ್ಲಿ ಕೇಳಿದ "ಯಾವಾಗ ಹೊರಗೆ ಕಳಿಸುತ್ತೀರಿ" ಎಂಬುದಕ್ಕೆ ಕಾಗದದ ಉತ್ತರವೂ ಬಾಯಿಮಾತಿನದೂ ಒಂದೇ ಇದೆಯೇ ನೋಡಿ.

ಹಂತ 8: ಸೇರಿಸುವ ದಿನ

ಅವರಿಗೆ ದಿನದಲ್ಲಿ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ ಕರೆದೊಯ್ಯಿರಿ, ಹೆಚ್ಚಿನವರಿಗೆ ಅದು ಬೆಳಗ್ಗೆ. ಕೋಣೆಯನ್ನು ಹಿಂದಿನ ದಿನವೇ ಸಿದ್ಧಮಾಡಿ: ಅವರ ಹೊದಿಕೆ, ಅವರ ಕುರ್ಚಿ, ಹಳೆಯ ಫೋಟೊ. ಫೋಟೊ ಅವರ ಯೌವನದ್ದಿರಲಿ. ಮೊಮ್ಮಕ್ಕಳ ಇತ್ತೀಚಿನ ಚಿತ್ರ ಅವರಿಗೆ ಯಾರೋ ಪರಕೀಯರದ್ದಾಗಿ ಕಾಣಬಹುದು. ಎರಡನೆಯ ಹಂತದಲ್ಲಿ ಬರೆದ ಹಾಳೆಯನ್ನು ಕಚೇರಿಯ ಫೈಲಿಗೆ ಕೊಟ್ಟು ಬಿಡಬೇಡಿ. ಒಂದು ಪ್ರತಿ ಕೋಣೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲಿ.

ವಾರಗಳ ಮೊದಲೇ ಹೇಳಿ ಆತಂಕಪಡಿಸುವುದೂ ಬೇಡ, "ಸುತ್ತಾಡಿ ಬರೋಣ" ಎಂದು ವಂಚಿಸಿ ಬಿಟ್ಟುಬರುವುದೂ ಬೇಡ. "ಇಲ್ಲಿ ಸ್ವಲ್ಪ ದಿನ ಇರೋಣ, ಇವರೆಲ್ಲ ನೋಡಿಕೊಳ್ಳುತ್ತಾರೆ, ನಾನು ಬರುತ್ತಿರುತ್ತೇನೆ" ಎಂಬಷ್ಟು ಸಾಕು. "ಮನೆಗೆ ಹೋಗಬೇಕು" ಎಂದು ಅವರು ಹೇಳಿಯೇ ಹೇಳುತ್ತಾರೆ. ನಮ್ಮ ದೊಡ್ಡಮ್ಮ ಅದನ್ನು ನಮ್ಮ ಮನೆಯಲ್ಲಿದ್ದಾಗಲೂ ಹೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಅರವತ್ತು ವರ್ಷದ ಹಿಂದಿನ ಮನೆ. "ಇದೇ ಮನೆ" ಎಂದು ವಾದಿಸಿದರೆ ಕೆರಳುತ್ತಿದ್ದರು, "ಆ ಮನೆಯಲ್ಲಿ ಯಾರ್ಯಾರು ಇದ್ದರು?" ಎಂದು ಕೇಳಿದರೆ ಕೂತು ಹೇಳುತ್ತಿದ್ದರು.

ಮೊದಲ ಎರಡು ವಾರ ಮನೆಯವರು ಬರಲೇಬಾರದು, ಆಗಲೇ ಹೊಂದಿಕೊಳ್ಳುತ್ತಾರೆ ಎಂದು ಕೆಲವು ಕಡೆ ಪಟ್ಟು ಹಿಡಿಯುತ್ತಾರೆ. ಎಲ್ಲರಿಗೂ ಒಂದೇ ನಿಯಮ ಹಾಕುವ ಮಾತಿಗೆ ಒಪ್ಪಬೇಡಿ. ಹೋಗಿ ಬಂದ ಮೇಲೆ ಅವರು ಹೇಗಿರುತ್ತಾರೆ ಎಂದು ನೋಡಿಕೊಂಡು ನೀವೇ ಹದ ಮಾಡಿಕೊಳ್ಳಿ.

ಹಂತ 9: ಮೊದಲ ಮೂರು ತಿಂಗಳು

ಒಂದೇ ದಿನ ಒಂದೇ ಹೊತ್ತಿಗೆ ಹೋಗಬೇಡಿ. ಪುಟ್ಟ ಪುಸ್ತಕದಲ್ಲಿ ತಾರೀಖು ಹಾಕಿ ಎರಡೇ ಸಾಲು ಬರೆಯಿರಿ: ಎಚ್ಚರವಿದ್ದರೇ, ಮೈಮೇಲಿದ್ದ ಬಟ್ಟೆ ಅವರದ್ದೇ, ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಹಾಕಿದ್ದರೇ, ಹೊಸ ಗಾಯ ಅಥವಾ ಕಂದುಗಟ್ಟಿದ ಗುರುತು ಇತ್ತೇ. ಮಲಗಿಯೇ ಇರುವವರಾದರೆ ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಕೆಂಪಾಗಿದೆಯೇ ನೋಡಿ. ಬೆರಳಿಂದ ಒತ್ತಿದರೂ ಮಾಸದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಹಂತ. ಬಣ್ಣ ಗಾಢವಾಗಿರುವ ಚರ್ಮದಲ್ಲಿ ಕೆಂಪು ಕಾಣದು, ಬಿಸಿಯೋ ಗಡಸೋ ಆಗಿದೆಯೇ ಮುಟ್ಟಿ ತಿಳಿಯಬೇಕು. ಇದ್ದಕ್ಕಿದ್ದಂತೆ ಹಗಲೆಲ್ಲ ನಿದ್ದೆ ಮಾಡತೊಡಗಿದರೆ ಔಷಧಿಯ ಚಾರ್ಟ್ ತೋರಿಸಿ ಎಂದು ಅದೇ ದಿನ ಕೇಳಿ.

ದೂರುವುದಿದ್ದರೆ ಕೋಣೆಯಲ್ಲಿ ಆರೈಕೆದಾರರ ಮೇಲೆ ರೇಗಬೇಡಿ. ಆ ಪಾಳಿಯ ಮೇಲ್ವಿಚಾರಕರಿಗೆ ತಾರೀಖು ಸಮೇತ ಹೇಳಿ, ಬರಹದಲ್ಲಿ ಕೊಡಿ. ಹೊಡೆದ, ಕಟ್ಟಿಹಾಕಿದ ಗುರುತು ಕಂಡರೆ ಮಾತ್ರ ಈ ಮೆಟ್ಟಿಲುಗಳನ್ನು ಹತ್ತುತ್ತಾ ಕೂರಬೇಡಿ: ಫೋಟೊ ತೆಗೆದುಕೊಳ್ಳಿ, ವೈದ್ಯರಿಗೆ ತೋರಿಸಿ, ಆರೈಕೆ ಮನೆಗಳ ಮೇಲೆ ಅಧಿಕಾರವಿರುವ ಇಲಾಖೆಗೋ ಪೊಲೀಸರಿಗೋ ತಿಳಿಸಿ. ಸಣ್ಣಪುಟ್ಟದಕ್ಕೆಲ್ಲ ಮನೆ ಬದಲಿಸುವುದು ಅವರಿಗೆ ಮತ್ತೊಂದು ಪೆಟ್ಟು. ಕಳೆದುಹೋದ ಸ್ವೆಟರ್‌ಗೆ ಬೇಡ, ಹೇಳಿದ ಮೇಲೂ ಇಳಿಯುತ್ತಲೇ ಇರುವ ತೂಕಕ್ಕೆ ಬೇಕು.

ಮೂರನೆಯ ತಿಂಗಳ ಕೊನೆಗೆ ನರ್ಸ್ ಮತ್ತು ಮ್ಯಾನೇಜರ್ ಜೊತೆ ಅರ್ಧ ಗಂಟೆ ಕೂರಲು ಸಮಯ ಕೇಳಿ. ತೂಕದ ಪಟ್ಟಿ, ಬಿದ್ದದ್ದರ ದಾಖಲೆ, ಔಷಧಿಯ ಪಟ್ಟಿ ಮೂರೂ ಮೇಜಿನ ಮೇಲಿರಲಿ. ಅವನ್ನು ತೆರೆಯುವ ಮುನ್ನ ಒಂದೇ ಪ್ರಶ್ನೆ ಹಾಕಿ: "ಇವರಿಗೆ ಏನು ಇಷ್ಟ?" ನಮ್ಮ ದೊಡ್ಡಮ್ಮನ ವಿಷಯದಲ್ಲಿ ಮ್ಯಾನೇಜರ್ ಫೈಲಿನ ಹಾಳೆ ತಿರುವತೊಡಗಿದರು. ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಆರೈಕೆದಾರೆ ಬಾಗಿಲಲ್ಲೇ ನಿಂತು, "ಮಡಚೋಕೆ ಟವೆಲ್ ಕೊಡ್ಬೇಕು. ಮಡಚಿದ್ದನ್ನ ನಾವು ಬಿಚ್ಚಿಟ್ಟು ಮತ್ತೆ ಕೊಡ್ತೀವಿ" ಅಂದರು.